ಬ್ಯಾಂಡ್ ಎಳೆಯುವ ಮುಂಚೆ ಅದರ ತುದಿ ನೋಡಿ

ಮನೆಯಲ್ಲೇ ವ್ಯಾಯಾಮ ಶುರು ಮಾಡುವವರಿಗೆ ಎಲ್ಲರೂ ಮೊದಲು ಹೇಳುವುದು ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ ಅಥವಾ ಟ್ಯೂಬ್, ತಗೊಳ್ಳಿ ಅಂತ. ಹಗುರ, ಜಾಸ್ತಿ ಜಾಗ ಬೇಡ, ಕಾಲ ಮೇಲೆ ಬಿದ್ದು ಬೆರಳು ಜಜ್ಜುವ ಭಯ ಇಲ್ಲ. ಡಂಬೆಲ್‌ಗಿಂತ ಸೇಫ್ ಅಂತಲೇ ಮಾರುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಡಂಬೆಲ್ ಕೈಜಾರಿದರೆ ನೆಲಕ್ಕೆ ಬೀಳುತ್ತದೆ. ಎಳೆದು ಹಿಡಿದ ರಬ್ಬರ್ ಬಿಟ್ಟುಕೊಂಡರೆ ನೇರ ಎಳೆಯುವವರ ಕಡೆಗೇ ಬರುತ್ತದೆ. ನನ್ನ ಬಲಗಣ್ಣಿಗೆ ಹೊಡೆದದ್ದು ಹೀಗೆ.

ನನ್ನದು ಟ್ಯೂಬ್ ಸೆಟ್. ಬೇರೆ ಬೇರೆ ಬಣ್ಣದ ಟ್ಯೂಬುಗಳು, ಎರಡು ಹಿಡಿಕೆ, ಬಾಗಿಲಿಗೆ ಸಿಕ್ಕಿಸುವ ಒಂದು ಪಟ್ಟಿ. ಟ್ಯೂಬಿನ ಎರಡೂ ತುದಿಯಲ್ಲಿ ಲೋಹದ ಕೊಕ್ಕೆ. ಸೆಟ್ ಹೊಸದು. ಅದರ ಜೊತೆ ಬಂದ ಚೀಟಿಯಲ್ಲಿ ಇದ್ದ ಹಾಗೇ ಕಟ್ಟಿ, ಬಾಗಿಲ ಕಡೆ ಮುಖ ಮಾಡಿ ರೋಯಿಂಗ್ (ದೋಣಿಯ ಹುಟ್ಟು ಎಳೆದ ಹಾಗೆ ಹಿಡಿಕೆಯನ್ನು ಮೈ ಕಡೆಗೆ ಎಳೆಯುವುದು) ಮಾಡುತ್ತಿದ್ದೆ. ಟ್ಯೂಬ್ ಹರಿಯಲಿಲ್ಲ, ಬಾಗಿಲೂ ಅಲುಗಲಿಲ್ಲ. ಪಟ್ಟಿಯ ತುದಿಯಲ್ಲಿದ್ದ ರಿಂಗ್ ಬಾಯಿ ಬಿಟ್ಟಿತು. ಅದು ಬೆಸುಗೆ ಹಾಕಿದ ರಿಂಗ್ ಆಗಿರಲೇ ಇಲ್ಲ, ಸುಮ್ನೆ ಬಗ್ಗಿಸಿ ಎರಡು ತುದಿ ಸೇರಿಸಿದ ತಂತಿ. ಕೊಕ್ಕೆ ಟ್ಯೂಬಿನ ಜೊತೆಗೇ ಹಾರಿ ಬಂತು. ರೆಪ್ಪೆ ಮುಚ್ಚುವಷ್ಟೂ ಸಮಯ ಸಿಗಲಿಲ್ಲ.

ಕಣ್ಣಿನ ಮುಂಭಾಗದಲ್ಲಿ, ಪಾರದರ್ಶಕ ಪದರದ ಹಿಂದೆ, ರಕ್ತ ಸೇರಿತ್ತು. ಡಾಕ್ಟರು ಇದಕ್ಕೆ ಹೈಫೀಮಾ ಎನ್ನುತ್ತಾರೆ. ತಲೆ ಎತ್ತರಿಸಿಕೊಂಡು ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು. ಮೊದಲ ಕೆಲವು ದಿನಗಳಲ್ಲಿ ಮತ್ತೆ ರಕ್ತ ಒಸರುವ ಅಪಾಯ ಇರುತ್ತದೆ, ಕಣ್ಣಿನ ಒತ್ತಡವೂ ಏರಬಹುದು. ದೃಷ್ಟಿ ಉಳಿಯಿತು. ಆದರೆ ಇಂಥ ಪೆಟ್ಟಿನ ನಂತರ ಎಷ್ಟೋ ವರ್ಷ ಕಳೆದ ಮೇಲೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಬರಬಹುದಾದ್ದರಿಂದ ತಪಾಸಣೆ ಮಾತ್ರ ಮುಗಿಯುವುದಿಲ್ಲ. ನಿಮಗೆ ಹೀಗಾದರೆ ಕಣ್ಣು ಉಜ್ಜಬೇಡಿ, ಒತ್ತಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿಯೇ ನುಂಗಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು. ನೋವು ಕಡಿಮೆ ಅನಿಸಿದರೂ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಮಾರಿದವರು ಕೊಟ್ಟ ಉತ್ತರ: ಅದೇ ಥರದ ಇನ್ನೊಂದು ಸೆಟ್ ಕಳಿಸುತ್ತೇವೆ. ಬೇಡ ಅಂದೆ.

ನನ್ನ ಸಿಟ್ಟೆಲ್ಲ ಇರುವುದು ಡಬ್ಬಿಯ ಮೇಲಿನ ಕೆಜಿ ಲೆಕ್ಕದ ಮೇಲೆ. ಆ ದೊಡ್ಡ ಅಂಕಿ ಬರುವುದು ಎಲ್ಲ ಟ್ಯೂಬುಗಳ ಎಳೆತವನ್ನು ಕೂಡಿಸಿ. ನಾವೂ ಹಾಗೇ ಮೂರ್ನಾಲ್ಕು ಟ್ಯೂಬ್ ಒಟ್ಟಿಗೆ ಸಿಕ್ಕಿಸುತ್ತೇವೆ. ಆಗ ಅಷ್ಟೂ ಎಳೆತ ಬೀಳುವುದು ಒಂದೇ ರಿಂಗಿನ ಮೇಲೆ, ಒಂದೇ ಹೊಲಿಗೆಯ ಮೇಲೆ. ಆ ರಿಂಗ್ ಎಷ್ಟು ತಡೆಯುತ್ತದೆ ಅಂತ ನನ್ನ ಡಬ್ಬಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಹಾಗಾಗಿ ಕೊಳ್ಳುವಾಗ ಬಣ್ಣ, ಟ್ಯೂಬಿನ ದಪ್ಪ ಆಮೇಲೆ ನೋಡಿ. ಮೊದಲು ರಿಂಗಿನ ಸುತ್ತ ಉಗುರು ಓಡಿಸಿ. ಸಣ್ಣ ಸಂದು ಸಿಕ್ಕರೂ ಅಲ್ಲೇ ಬಿಟ್ಟುಬಿಡಿ. ಟ್ಯೂಬ್ ಕೊಕ್ಕೆಯನ್ನು ಸೇರುವ ಜಾಗದಲ್ಲಿ ರಬ್ಬರ್ ಬಿಳಿಚಿಕೊಂಡಿದೆಯಾ, ಸ್ವಲ್ಪ ಎಳೆದಾಗ ಗೀರು ಬಾಯಿ ತೆರೆಯುತ್ತದಾ ನೋಡಿ. ಲೋಹವೇ ಇಲ್ಲದ ಅಗಲದ ಬಳೆಯಾಕಾರದ ಬ್ಯಾಂಡ್ ನನಗೆ ಹೆಚ್ಚು ಒಪ್ಪಿಗೆ, ಆದರೆ ಅದೂ ಹರಿಯುತ್ತದೆ. ಲ್ಯಾಟೆಕ್ಸ್ ರಬ್ಬರ್ ಬಿಸಿಲಿಗೆ, ಶಾಖಕ್ಕೆ, ಎಣ್ಣೆಗೆ ಹಳೆಯ ಸೈಕಲ್ ಟ್ಯೂಬಿನ ಹಾಗೆ ಬಿರಿಯುತ್ತದೆ. ಒಂದು ಸಣ್ಣ ಗೀರು ಕಂಡರೂ ಎಸೆಯಿರಿ, ಟೇಪ್ ಸುತ್ತಿ ಉಳಿಸಬೇಡಿ. ಮೂಲ ಉದ್ದದ ಎರಡೂವರೆ ಪಟ್ಟಿಗಿಂತ ಜಾಸ್ತಿ ಎಳೆಯದಿರುವುದು ಒಳ್ಳೆಯದು.

ಬಾಗಿಲಿಗೆ ಕಟ್ಟುವುದಾದರೆ, ಬಾಗಿಲು ನಿಮ್ಮಿಂದ ಆಚೆಗೆ ತೆರೆಯುವ ಬದಿಯಲ್ಲಿ ನಿಲ್ಲಿ. ಆಗ ನೀವು ಎಳೆದಷ್ಟೂ ಅದು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ಬಾಗಿಲು ನಿಮ್ಮ ಕಡೆಗೆ ತೆರೆಯುವ ಬದಿಯಲ್ಲಿ ನಿಂತರೆ ಎಲ್ಲ ಭಾರ ಬರೀ ಚಿಲಕದ ಮೇಲೆ. ಮನೆಯವರಿಗೆ ಹೇಳಿ ಬೀಗ ಹಾಕಿಕೊಳ್ಳಿ, ಯಾರೋ ಆ ಕಡೆಯಿಂದ ಬಾಗಿಲು ತೆರೆದರೂ ಅದೇ ಗತಿ, ಅಲ್ವಾ? ಎದೆ ಒತ್ತುವ ವ್ಯಾಯಾಮದಲ್ಲಿ ಬ್ಯಾಂಡ್ ಬೆನ್ನ ಹಿಂದಿರುತ್ತದೆ, ಕಣ್ಣಿಗೆ ಅಪಾಯ ಕಡಿಮೆ. ಮುಖದ ಕಡೆಗೇ ಎಳೆಯುವ ಫೇಸ್ ಪುಲ್ ಮಾತ್ರ ಬ್ಯಾಂಡಿನಲ್ಲಿ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಮಾಡಲೇಬೇಕು ಅನ್ನುವವರು ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್) ಕನ್ನಡಕ ಹಾಕಿಕೊಳ್ಳಿ.

ನಿಜ ಹೇಳಬೇಕೆಂದರೆ, ಶುರುವಿನಲ್ಲಿ ಇದೆಲ್ಲ ಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಎಲ್ಲ ಮುಖ್ಯ ಸ್ನಾಯುಗಳಿಗೆ ಕೆಲಸ ಕೊಡಬೇಕು ಅಂತ. ಪುಷ್ ಅಪ್, ಸ್ಕ್ವಾಟ್, ಅಂಗಾತ ಮಲಗಿ ಸೊಂಟ ಎತ್ತುವುದು, ಇಷ್ಟಕ್ಕೆ ನೆಲ ಸಾಕು. ಬೆನ್ನಿಗೆ ರೋಯಿಂಗ್ ಬೇಕಾದರೆ ಗಟ್ಟಿ ಬ್ಯಾಗಿಗೆ ಪುಸ್ತಕ ತುಂಬಿ, ಒಂದು ಕೈ ಕುರ್ಚಿಗೆ ಊರಿ, ಇನ್ನೊಂದು ಕೈಯಲ್ಲಿ ಸೊಂಟದ ಕಡೆಗೆ ಎಳೆಯಿರಿ. ಸುಲಭ ಆದಂತೆ ಪುಸ್ತಕ ಸೇರಿಸಿ.

ಅದೂ ಸಾಲದಾದಾಗ ಬಿಲ್ಲೆ ಕಳಚಲಾಗದ, ಒಂದೇ ತೂಕದ ಡಂಬೆಲ್ ತಗೊಳ್ಳಿ. ಬಿಲ್ಲೆ ಬದಲಾಯಿಸುವ ಥರದ್ದೇ ಬೇಕಿದ್ದರೆ ತಿರುಪು ಕಾಲರ್ (ಬಿಲ್ಲೆ ಜಾರದಂತೆ ತಿರುಗಿಸಿ ಬಿಗಿ ಮಾಡುವ ಬಿಲ್ಲೆತಡೆ) ಇರುವುದನ್ನು ಆರಿಸಿ. ಸ್ಪ್ರಿಂಗ್ ಕ್ಲಿಪ್ ಜಾರುತ್ತದೆ. ತಿರುಪು ಕೂಡ ತಿರುಗಿಸಿ ಎತ್ತುವಾಗ ಸಡಿಲವಾಗುತ್ತದೆ. ಮಲಗಿ ಮುಖದ ಮೇಲೆ ಎತ್ತುವ ಮುಂಚೆ, ವ್ಯಾಯಾಮದ ಪ್ರತಿ ಸುತ್ತಿಗೂ, ಎರಡೂ ಬದಿ ಕೈಯಿಂದ ಬಿಗಿ ಮಾಡಿ.