ಫಿಟ್‌ನೆಸ್ ಬ್ಯಾಂಡ್: ಹೆಜ್ಜೆ ಲೆಕ್ಕದಲ್ಲಿ ಪಾಸು, ಕ್ಯಾಲೊರಿ ಲೆಕ್ಕದಲ್ಲಿ ಫೇಲು

ಪರದೆ ದೊಡ್ಡದಿರಲಿ ಚಿಕ್ಕದಿರಲಿ, ಯಾವ ಕಂಪನಿಯ ಫಿಟ್‌ನೆಸ್ ಬ್ಯಾಂಡ್ ಬಿಚ್ಚಿದರೂ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಕೈ ಅಲುಗಾಡುವುದನ್ನು ಮೂರು ದಿಕ್ಕಿನಲ್ಲಿ ಗಮನಿಸುವ ಆಕ್ಸಿಲರೋಮೀಟರ್ ಒಂದು, ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ವಾಪಸು ಬಂದಷ್ಟನ್ನು ಓದುವ ಸೆನ್ಸರ್ ಇನ್ನೊಂದು. ಡಬ್ಬಿಯ ಮೇಲೆ ಅಚ್ಚಾಗಿರುವ ಹೆಜ್ಜೆ, ನಾಡಿ, ನಿದ್ದೆ, ಒತ್ತಡ, ಕ್ಯಾಲೊರಿ ಬಹುಪಾಲು ಈ ಎರಡರಿಂದಲೇ ಹುಟ್ಟಬೇಕು. ಹಾಗಾಗಿ ಈ ವಿಮರ್ಶೆ ಒಂದು ಮಾಡೆಲ್‌ನದಲ್ಲ, ಇಡೀ ಜಾತಿಯದು. ಸೆನ್ಸರಿಗೂ ಪರದೆಯ ಅಂಕಿಗೂ ನಡುವೆ ಊಹೆ ಎಷ್ಟು ಕಡಿಮೆಯೋ, ಆ ಅಂಕಿಯನ್ನು ಅಷ್ಟು ನಂಬಬಹುದು.

ಊಹೆ ತೀರಾ ಕಡಿಮೆ ಇರುವುದು ಹೆಜ್ಜೆಯಲ್ಲಿ. ನಡೆಯುವಾಗ ಕೈ ಒಂದು ಲಯದಲ್ಲಿ ಬೀಸುತ್ತದೆ, ಬ್ಯಾಂಡು ಆ ಲಯವನ್ನು ಹಿಡಿಯುತ್ತದೆ. ಬಹಳಷ್ಟು ಬ್ಯಾಂಡುಗಳು ಮೊದಲ ಕೆಲವು ಹೆಜ್ಜೆಗಳನ್ನು ತಡೆಹಿಡಿದು, ಲಯ ಮುಂದುವರಿದರೆ ಮಾತ್ರ ಒಟ್ಟಿಗೆ ಜಮಾ ಮಾಡುತ್ತವೆ. ಹಾಗಾಗಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಐದಾರು ಹೆಜ್ಜೆ ಓಡಾಡಿದ್ದು ಲೆಕ್ಕಕ್ಕೆ ಬರದೆ ಹೋಗಬಹುದು. ಚಪ್ಪಾಳೆ ತಟ್ಟಿದ್ದು, ಹಲ್ಲುಜ್ಜಿದ್ದು ಲೆಕ್ಕಕ್ಕೆ ಸೇರಿಬಿಡಬಹುದು. ಮಗುವಿನ ಗಾಡಿ ತಳ್ಳಿಕೊಂಡು ಅರ್ಧ ಗಂಟೆ ನಡೆದರೂ ಕೈ ಹಿಡಿಕೆಯ ಮೇಲೆ ನಿಂತಿರುವುದರಿಂದ ಪರದೆ ತಣ್ಣಗೆ ಕೂತಿರುತ್ತದೆ. ಅಂಥ ಹೊತ್ತಿನಲ್ಲಿ ಬ್ಯಾಂಡನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ. ಪರೀಕ್ಷೆ ಸುಲಭ: ಬಾಯಲ್ಲಿ ಎಣಿಸುತ್ತಾ 200 ಹೆಜ್ಜೆ ನಡೆಯಿರಿ. ಬ್ಯಾಂಡು 190ರಿಂದ 210ರ ಒಳಗೆ ತೋರಿಸಿದರೆ ಸಾಕು. ಅದಕ್ಕಿಂತ ಹೆಚ್ಚು ತಪ್ಪಿದರೆ, ಯಾವ ಕೈಗೆ ಕಟ್ಟಿದ್ದೀರಿ ಎಂಬ ಸೆಟ್ಟಿಂಗ್ ಸರಿಯಿದೆಯೇ ನೋಡಿ. ಹೆಚ್ಚು ಕೆಲಸ ಮಾಡದ ಕೈಯೇ ಬ್ಯಾಂಡಿಗೆ ವಾಸಿ.

ಇನ್ನು ಡಬ್ಬಿಯಿಂದ ಬರುವಾಗಲೇ ಕೂತಿರುವ 10,000 ಹೆಜ್ಜೆಯ ಗುರಿ. ಇದರ ಮೂಲ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನ. ಅದರ ಹೆಸರೇ ಮಾನ್ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಸಂಖ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಅಂಗಡಿಯಲ್ಲಿ. ಸರಾಸರಿ 72 ವಯಸ್ಸಿನ ಸುಮಾರು 16,700 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಆ ಲಾಭ ಏರುವುದು ನಿಂತಿತು. ಆದ್ದರಿಂದ ಮೊದಲ 7 ದಿನ ದಿನಚರಿಯಲ್ಲಿ ಏನೂ ಬದಲಿಸದೆ ಬ್ಯಾಂಡು ಕಟ್ಟಿಕೊಳ್ಳಿ, ಸರಾಸರಿ ತೆಗೆಯಿರಿ, ಅದಕ್ಕೆ 1,000 ಸೇರಿಸಿ ಗುರಿಯಾಗಿ ಬರೆಯಿರಿ. ಎರಡು ವಾರ ಅದು ಸಲೀಸಾದರೆ ಇನ್ನೊಂದು 1,000. ಮೂರು ಸಾವಿರ ನಡೆಯುತ್ತಿದ್ದವರು ಮೊದಲ ದಿನವೇ ಹತ್ತು ಸಾವಿರಕ್ಕೆ ಹಾರಿದರೆ ಹಿಮ್ಮಡಿ, ಮೊಣಕಾಲು ಮಾತಾಡತೊಡಗುತ್ತವೆ, ನಾಲ್ಕನೇ ದಿನ ಬ್ಯಾಂಡು ಡ್ರಾಯರ್ ಸೇರುತ್ತದೆ. ಆರಂಭಶೂರತ್ವಕ್ಕೆ ಇಷ್ಟು ಚೆನ್ನಾಗಿ ಹೊಂದುವ ಸಾಧನ ಇನ್ನೊಂದಿಲ್ಲ.

ಹೆಜ್ಜೆ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಬಿರುಸು ಎನ್ನುವುದನ್ನೂ ನೋಡಬೇಕು. ನಿಮಿಷಕ್ಕೆ 100 ಹೆಜ್ಜೆ ದಾಟಿದರೆ ಬಹುತೇಕ ವಯಸ್ಕರಿಗೆ ಅದು ಮಧ್ಯಮ ಬಿರುಸಿನ ನಡಿಗೆ: ಮಾತಾಡಬಹುದು, ಹಾಡಲಾಗದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಇಂಥದ್ದನ್ನು 150ರಿಂದ 300 ನಿಮಿಷ ಕೇಳುತ್ತದೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಆ ಎರಡನೆಯದರಲ್ಲಿ ಬ್ಯಾಂಡು ಬಹುತೇಕ ಕುರುಡು. ಗೋಡೆಗೆ ಕೈಯೂರಿ 15 ಪುಷ್‌ಅಪ್ ತೆಗೆದರೂ ಹೆಜ್ಜೆಯ ಖಾತೆಗೆ ಏನೂ ಬೀಳುವುದಿಲ್ಲ. ಬರೀ ಪರದೆ ನೋಡಿ ಬದುಕುವವರು ಅದನ್ನು ಬಿಟ್ಟೇಬಿಡುತ್ತಾರೆ.

ನಾಡಿಬಡಿತ ಕೂತಾಗ, ಮಲಗಿದಾಗ ಚೆನ್ನಾಗಿ ಸಿಗುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಸೆನ್ಸರ್ ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಸಡಿಲವಾದರೆ ಹೊರಗಿನ ಬೆಳಕು ನುಗ್ಗುತ್ತದೆ, ಚಳಿಯಲ್ಲಿ ಚರ್ಮದ ರಕ್ತನಾಳ ಕುಗ್ಗಿ ಸಿಗ್ನಲ್ ಮಂಕಾಗುತ್ತದೆ, ಹಚ್ಚೆ ಇದ್ದ ಜಾಗದಲ್ಲಿ ಬೆಳಕು ಶಾಯಿಗೆ ಸಿಕ್ಕಿಕೊಳ್ಳುತ್ತದೆ. ಓಡುವಾಗಿನ ಚೇಷ್ಟೆಯೇ ಬೇರೆ. ಹೆಜ್ಜೆಯ ಲಯವನ್ನೇ ನಾಡಿ ಎಂದುಕೊಂಡು ಏಕಾಏಕಿ 165, 170 ತೋರಿಸಿಬಿಡುತ್ತದೆ. ಗಾಬರಿ ಬೇಡ, ನಿಂತು ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಗರಿಷ್ಠ ನಾಡಿಗೆ ಬ್ಯಾಂಡು ಸಾಮಾನ್ಯವಾಗಿ ಬಳಸುವ ಸೂತ್ರ 220ರಲ್ಲಿ ವಯಸ್ಸು ಕಳೆಯುವುದು. ಅದು ಗುಂಪಿನ ಸರಾಸರಿ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದು ಮಾಮೂಲು. ನಾಡಿಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಆ ಸೂತ್ರ ಹೊಂದುವುದೇ ಇಲ್ಲ.

ಕ್ಯಾಲೊರಿಯ ಬಗ್ಗೆ ಎರಡೇ ಮಾತು. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕೈಗೆ ಕಟ್ಟುವ ಏಳು ಸಾಧನ ಪರೀಕ್ಷಿಸಿದಾಗ ಆರು ನಾಡಿಯನ್ನು ಶೇ. 5ರ ಒಳಗಿನ ತಪ್ಪಿನಲ್ಲಿ ಹಿಡಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ. 27 ತಪ್ಪಿತು. ಆ ಅಂಕಿ ನೋಡಿ ಒಂದು ತುತ್ತು ಹೆಚ್ಚು ಮಾಡುವುದೂ ಬೇಡ, ಕಡಿಮೆ ಮಾಡುವುದೂ ಬೇಡ.

ನಿದ್ದೆಯಲ್ಲಿ ಬ್ಯಾಂಡು ಅರ್ಧ ನಂಬಿಕಸ್ಥ. ಮಲಗಿದ ಹೊತ್ತು, ಎದ್ದ ಹೊತ್ತು ಇವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಅಲುಗಾಡದೆ ಬಿದ್ದುಕೊಂಡು ಸೂರು ನೋಡುತ್ತಿದ್ದರೆ ಅದನ್ನೂ ನಿದ್ದೆಗೇ ಸೇರಿಸುತ್ತದೆ. ಗಾಢ ನಿದ್ದೆ 52 ನಿಮಿಷ, ಕನಸಿನ ನಿದ್ದೆ 1 ಗಂಟೆ 14 ನಿಮಿಷ ಎಂದು ಬಣ್ಣಬಣ್ಣದ ಪಟ್ಟಿ ತೋರಿಸುವುದು ಕೈಯ ಚಲನೆ ಮತ್ತು ನಾಡಿ ನೋಡಿ ಕಟ್ಟಿದ ಅಂದಾಜು. ನಿದ್ದೆಯ ಹಂತ ಗೊತ್ತಾಗಬೇಕಾದರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ತರಂಗ ನೋಡಬೇಕು. ನಿದ್ದೆಯ ಅಂಕ ಸುಧಾರಿಸುವ ಹಪಾಹಪಿಯಲ್ಲೇ ನಿದ್ದೆಗೆಡುವವರಿಗೆ 2017ರಲ್ಲಿ ಸಂಶೋಧಕರು 'ಆರ್ಥೋಸಾಮ್ನಿಯಾ' ಎಂದು ಹೆಸರಿಟ್ಟರು. ಬೆಳಗ್ಗೆ ಹಾಯಾಗಿ ಎದ್ದವರು ಪರದೆಯಲ್ಲಿ 61 ಅಂಕ ಕಂಡು ಸುಸ್ತಾಗುವುದು ಆ ದಾರಿಯ ಮೊದಲ ಮೆಟ್ಟಿಲು. ಉಪಯೋಗಿಸುವ ರೀತಿ ಇದು: ಹಂತಗಳ ಪುಟ ತೆರೆಯಲೇಬೇಡಿ. ವಾರಕ್ಕೊಮ್ಮೆ ಎದ್ದ ಸಮಯಗಳ ಪಟ್ಟಿ ಮಾತ್ರ ನೋಡಿ. ರಜಾದಿನಕ್ಕೂ ಕೆಲಸದ ದಿನಕ್ಕೂ ಒಂದು ಗಂಟೆಗಿಂತ ಹೆಚ್ಚು ಅಂತರವಿದ್ದರೆ ಮೊದಲು ಅದನ್ನು ತಗ್ಗಿಸಿ. ಬ್ಯಾಂಡಿನ ಕಂಪನ ಅಲಾರಂ ಅನ್ನು ಬೆಳಗ್ಗೆಗಿಂತ ರಾತ್ರಿಗೆ ಇಡುವುದು ಲೇಸು: ಮಲಗಬೇಕಾದ ಹೊತ್ತಿಗೆ 45 ನಿಮಿಷ ಮುಂಚೆ ಒಮ್ಮೆ ಗುರ್ ಎಂದರೆ ಫೋನು ಕೆಳಗಿಡಲು ನೆಪ ಸಿಗುತ್ತದೆ. ಆಮೇಲೆ ಬರುವ ಮೆಸೇಜಿನ ಕಂಪನಗಳೆಲ್ಲ ಬಂದ್ ಆಗಿರಬೇಕು, ಇಲ್ಲದಿದ್ದರೆ ನಿದ್ದೆ ಅಳೆಯುವ ಯಂತ್ರವೇ ನಿದ್ದೆ ಕೆಡಿಸುತ್ತದೆ.

'ಒತ್ತಡ' ಎಂಬ ಅಂಕಿ ಬರುವುದು ಎರಡು ಬಡಿತಗಳ ನಡುವಿನ ಅಂತರ ಎಷ್ಟು ಏರುಪೇರಾಗುತ್ತದೆ ಎನ್ನುವುದರಿಂದ. ಜ್ವರ ಬಂದರೂ ಮೆಟ್ಟಿಲು ಹತ್ತಿದರೂ ಪರೀಕ್ಷೆಯ ಭಯವಿದ್ದರೂ ಅದಕ್ಕೆ ಒಂದೇ. ಮನಸ್ಸಿನಲ್ಲೇನಿದೆ ಎಂದು ಅದಕ್ಕೆ ತಿಳಿಯದು. ಆದರೆ ಅದೇ ಮೆನುವಿನಲ್ಲಿ ಅಡಗಿರುವ ಉಸಿರಾಟದ ಅಭ್ಯಾಸ ಇಡೀ ಬ್ಯಾಂಡಿನ ಅತ್ಯಂತ ಕಡೆಗಣಿಸಿದ, ಅತ್ಯಂತ ಕೆಲಸಕ್ಕೆ ಬರುವ ಭಾಗ. ಸೆಟ್ಟಿಂಗ್ ಬದಲಿಸಲು ಬಿಟ್ಟರೆ 4 ಸೆಕೆಂಡು ಒಳಕ್ಕೆ, 6 ಸೆಕೆಂಡು ಹೊರಕ್ಕೆ ಇಡಿ. ನಿಮಿಷಕ್ಕೆ 6 ಉಸಿರಾಗುತ್ತದೆ, 5 ನಿಮಿಷ ಸಾಕು. ತಲೆ ಸುತ್ತಿದಂತಾದರೆ, ತುಟಿ ಜುಮ್ಮೆಂದರೆ ಉಸಿರು ಅತಿಯಾಗಿ ತುಂಬಿಸಿಕೊಳ್ಳುತ್ತಿದ್ದೀರಿ, ಇಂಗಾಲದ ಡೈಆಕ್ಸೈಡ್ ಇಳಿದಿದೆ ಎಂದರ್ಥ. ನಿಧಾನ ಹಾಗೇ ಇರಲಿ, ಆಳ ಕಡಿಮೆ ಮಾಡಿ. ಕಂಪನಕ್ಕೇ ಲೆಕ್ಕ ಬಿಟ್ಟು ಕಣ್ಣು ಮುಚ್ಚಬಹುದು ಎನ್ನುವುದೇ ಇದರ ಸೊಗಸು.

ಇದನ್ನು ಯಾರು ಕೊಳ್ಳಬಾರದು? ಎದೆ ಒಂದು ಸಲ ಜೋರಾಗಿ ಬಡಿದರೂ ಹೆದರುವವರು ಮತ್ತು ತೂಕ, ಊಟದ ವಿಷಯದಲ್ಲಿ ಈಗಾಗಲೇ ಅಂಕಿಗಳ ಕಾಟ ಅನುಭವಿಸುತ್ತಿರುವವರು. ಎದೆಬಡಿತ ತಪ್ಪುತ್ತಿದೆ ಎನಿಸಿದರೆ ಬೇಕಾದದ್ದು ವೈದ್ಯರು ಮತ್ತು ಇಸಿಜಿ.

ಪಟ್ಟಿಯ ಕೆಳಗೆ ಕೆಂಪು ದದ್ದು ಬಹಳ ಮಂದಿಯ ದೂರು. ಬಹುಪಾಲು ಅದಕ್ಕೆ ಕಾರಣ ಬೆವರು, ಸೋಪು ಒಳಗೇ ಉಳಿದು ನೆನೆಯುವುದು. ದಿನಕ್ಕೊಮ್ಮೆ ಬಿಚ್ಚಿ ತೊಳೆದು, ಕೈ ಪೂರ್ತಿ ಒಣಗಿದ ಮೇಲೆ ಕಟ್ಟಿ, ರಾತ್ರಿ ಒಂದು ತೂತು ಸಡಿಲಿಸಿ. ಕೊಂಡಿ ಇರುವ ಕಡೆ ಮಾತ್ರ ತುರಿಸಿದರೆ ನಿಕ್ಕಲ್ ಅಲರ್ಜಿ ಇರಬಹುದು, ಬಟ್ಟೆಯ ಪಟ್ಟಿಗೆ ಬದಲಿಸಿ. ನೀರಿನ ಒತ್ತಡ ತಡೆಯುವ ಪರೀಕ್ಷೆಯಲ್ಲಿ ಪಾಸಾದ ಗುರುತಾಗಿ ಬ್ಯಾಂಡಿನ ಮೇಲೆ 5 ಎಟಿಎಂ ಎಂದು ಬರೆದಿದ್ದರೂ ಬಿಸಿನೀರಿನ ಸ್ನಾನಕ್ಕೆ ಬಿಚ್ಚಿಡುವುದು ಮೇಲು. ಆ ಪರೀಕ್ಷೆಯಲ್ಲಿ ಆವಿಯೂ ಇಲ್ಲ, ಸೋಪೂ ಇಲ್ಲ. ಒಳಗಿನ ರಬ್ಬರ್ ಸೀಲು ಸಡಿಲಾಗುವುದು ಅವುಗಳಿಂದಲೇ. ಆ ಇಪ್ಪತ್ತು ನಿಮಿಷ ಚಾರ್ಜಿಗೆ ಹಾಕಿದರೆ ರಾತ್ರಿಯ ದಾಖಲೆಯೂ ತಪ್ಪುವುದಿಲ್ಲ. ಹಾಕುವ ಮುಂಚೆ ಹಿಂಬದಿಯ ಎರಡು ಲೋಹದ ಚುಕ್ಕಿಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಬ್ಯಾಂಡು ಚಾರ್ಜೇ ಆಗುತ್ತಿಲ್ಲ ಎಂಬ ದೂರು ಎಷ್ಟೋ ಸಲ ಆ ಚುಕ್ಕಿಗಳ ಮೇಲೆ ಕೂತ ಬೆವರಿನ ಉಪ್ಪಿನದು.