ಮೇಲಿನ ಮನೆಯ ಎಸಿ ನೀರಿಗೆ ಪೈಪ್ ಹಾಕಿಸಿದ ಮೇಲೆ

ಮಂಗಳೂರಿನ ಸೆಖೆ ಗೊತ್ತಲ್ಲ, ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ರಾತ್ರಿಯಿಡೀ ಎಸಿ ಬೇಕು. ನಮ್ಮ ಮೇಲಿನ ಮನೆಯಲ್ಲೂ ಅಷ್ಟೇ. ಅವರ ಎಸಿಯ ನೀರಿನ ಪೈಪ್ ಗೋಡೆಯಿಂದ ಒಂದು ಗೇಣು ಹೊರಗೆ ಬಂದು ಸುಮ್ನೆ ನೇತಾಡುತ್ತಿತ್ತು. ನೀರು ನಮ್ಮ ಬಾಲ್ಕನಿಯ ತೆರೆದ ಮೂಲೆಗೆ ಬಿದ್ದು ಗೋಡೆಗೆ ಸಿಡಿಯುತ್ತಿತ್ತು. ಒಂದು ರಾತ್ರಿ ಹತ್ತು ಗಂಟೆಗೆ ಅಲ್ಲಿ 10 ಲೀಟರಿನ ಬಕೆಟ್ ಇಟ್ಟೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಮುಕ್ಕಾಲು ತುಂಬಿತ್ತು.

ಮೊದಲು ಟೈಲ್ಸ್ ಸಂದಿಯಲ್ಲಿ ಪಾಚಿ ಬಂತು. ಆಮೇಲೆ ಗೋಡೆಯಲ್ಲಿ ಮೊಣಕಾಲಿನ ಎತ್ತರದವರೆಗೆ ಸಾಸಿವೆ ಎರಚಿದ ಹಾಗೆ ಕಪ್ಪು ಬೂಷ್ಟು. ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು. ನಮ್ಮ ಮನೆಗೆ ಬಿಸಿಲು ಬೀಳುವುದು ಆ ಮೂಲೆಯಲ್ಲಿ ಮಾತ್ರ. ಅತ್ತೆ ಹಲಸಿನ ಹಪ್ಪಳ ಒಣಗಿಸುವುದೂ ಅಲ್ಲೇ. ಈ ಸಲ ಚಾಪೆ ಹಾಸಲು ಜಾಗ ಇಲ್ಲ ಅಂತ ಅವರು ಹಿಟ್ಟು ಕುಟ್ಟಲೇ ಇಲ್ಲ. ನನಗೆ ಅದೇ ಜಾಸ್ತಿ ಬೇಜಾರಾದದ್ದು.

ಮೊದಲು ನಾನು ತಂದದ್ದು ಬೂಷ್ಟು ತೆಗೆಯುವ ಸ್ಪ್ರೇ, ಬ್ಲೀಚ್ ಇರುವಂಥದ್ದು. ಟೈಲ್ಸ್ ಮೇಲೆ ಚೆನ್ನಾಗಿ ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಗೋಡೆಯೂ ಅರ್ಧ ಗಂಟೆಯಲ್ಲಿ ಬೆಳ್ಳಗಾಯಿತು. ಹನ್ನೆರಡನೇ ದಿನ ಅದೇ ಜಾಗದಲ್ಲಿ ಅದೇ ಚುಕ್ಕೆಗಳು! ಬ್ಲೀಚ್ ಮೇಲೆ ಕಾಣುವ ಬೂಷ್ಟನ್ನು ತೆಗೆಯುತ್ತದೆ. ಗಾರೆಯೊಳಗೆ ಇಳಿದ ಬೂಷ್ಟಿಗೆ ಅದು ಸರಿಯಾಗಿ ತಾಗುವುದಿಲ್ಲ. ದಿನಾ ನೀರು ಕುಡಿಯುವ ಗೋಡೆಗೆ ಎರಡನೇ ಬಾಟಲಿ ತರಬೇಡಿ. ಇನ್ನೊಂದು ಮಾತು: ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಆಗಲಿ ವಿನೆಗರ್ ಆಗಲಿ ಯಾವತ್ತೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಆಮೇಲೆ ಮೇಲಿನ ಮನೆಯ ಆಂಟಿಯನ್ನು ಕರೆದು ತೋರಿಸಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ‘ಅಯ್ಯೋ, ಮೊದಲೇ ಹೇಳಬಾರದಿತ್ತಾ?’ ಅಂದರು. ಅರ್ಧ ಖರ್ಚು ತಾವೇ ಕೊಟ್ಟರು.

ನಮ್ಮ ರಸ್ತೆಯ ಎಸಿ ರಿಪೇರಿ ಅಂಗಡಿಯಿಂದ ಬಂದ ಹುಡುಗ ಬೂಷ್ಟನ್ನು ನೋಡಲೇ ಇಲ್ಲ. ಸೀದಾ ಪೈಪ್ ನೋಡಿದ. ‘ಅಕ್ಕ, ಗೋಡೆಗೆ ಎಂತ ಹಚ್ಚಿದ್ರೂ ಪ್ರಯೋಜನ ಇಲ್ಲ, ಮೊದಲು ನೀರಿಗೆ ದಾರಿ ಮಾಡ್ಬೇಕು’ ಅಂದ. ಸುಕ್ಕು ಸುಕ್ಕಾದ ಹಳೇ ಪೈಪ್ ಕಿತ್ತು ತೋರಿಸಿದ. ಒಳಗೆ ಗಂಜಿ ತಿಳಿಯ ಹಾಗೆ ಲೋಳೆ ಕಟ್ಟಿತ್ತು. ಗಟ್ಟಿ ಪಿವಿಸಿ ಪೈಪ್ ಹಾಕಿ, ಮಳೆನೀರಿನ ದೊಡ್ಡ ಪೈಪಿಗೆ ಟಿ ಆಕಾರದ ಜಾಯಿಂಟ್ ಕೊಟ್ಟು ಸೇರಿಸಿದ. ಪೈಪಿನ ಉದ್ದಕ್ಕೂ ಇಳಿಜಾರು ಬೇಕಂತೆ. ನಡುವೆ ಎಲ್ಲಾದರೂ ಜೋತು ಬಿದ್ದರೆ ನೀರು ನಿಂತು, ಲೋಳೆ ಕಟ್ಟಿ, ಕೊನೆಗೆ ಎಸಿಯಿಂದ ಮನೆಯೊಳಗೇ ಸೋರುತ್ತದೆ. ಕೆಲಸ ಮುಗಿದ ಮೇಲೆ ಮೇಲಿಂದ ಒಂದು ಚೆಂಬು ನೀರು ಸುರಿದು, ಕೆಳಗೆ ಬರುವುದನ್ನು ನನಗೂ ಆಂಟಿಗೂ ತೋರಿಸಿಯೇ ಹೋದ.

ಸಾಮಾನು, ಕೂಲಿ ಎಲ್ಲಾ ಸೇರಿ 1,150 ರೂಪಾಯಿ. ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದ, ಡ್ರಿಲ್ ಹೊಡೆದ ಧೂಳನ್ನು ಗುಡಿಸಲಿಲ್ಲ. ಕ್ಲಾಂಪ್‌ಗಳನ್ನು ದೂರ ದೂರ ಹಾಕಿದ್ದರಿಂದ ವಾರದಲ್ಲೇ ಪೈಪ್ ಸ್ವಲ್ಪ ಬಾಗಿತು. ಫೋನ್ ಮಾಡಿದ್ದಕ್ಕೆ ಅದೇ ಸಂಜೆ ಬಂದು ಇನ್ನೆರಡು ಕ್ಲಾಂಪ್ ಹಾಕಿ ಹೋದ, ದುಡ್ಡು ತೆಗೆದುಕೊಳ್ಳಲಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಸ್ಪ್ರೇಗೆ ಎರಡು, ಅದೂ ಟೈಲ್ಸ್‌ಗಾಗಿ.

ಪೇಂಟಿಗೆ ಅವಸರ ಮಾಡಲಿಲ್ಲ. ಮೂರು ವಾರ ಗೋಡೆ ಒಣಗಲು ಬಿಟ್ಟು, ಮಾಸ್ಕ್ ಹಾಕಿಕೊಂಡು ಹಳೇ ಪೇಂಟ್ ಕೆರೆದು, ಬೂಷ್ಟು ಹಿಡಿಯದ ಪ್ರೈಮರ್ ಹಚ್ಚಿಸಿದೆವು. ಪೇಂಟ್ ಆದ ಮಾರನೇ ವಾರವೇ ಅತ್ತೆ ಚಾಪೆ ಹಾಸಿದರು. ಮಳೆಗಾಲ ಮುಗಿದು ಎಸಿ ಶುರು ಮಾಡುವ ಮೊದಲು ಆ ಪೈಪಿಗೆ ಒಂದು ಚೆಂಬು ನೀರು ಸುರಿದು ನೋಡಿ ಅಂತ ಹುಡುಗ ಹೇಳಿದ್ದಾನೆ. ಆಂಟಿ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.