ಬೆಳಿಗ್ಗೆ ಸಿಗೋ ಒಂದೇ ಗಂಟೆ: ಓಟಕ್ಕಾ, ವೆಬ್ ಪೇಜಿಗಾ?

ಆಫೀಸು ಮನೆ ಎಲ್ಲ ಕಳೆದು ನನಗೆ ಅಂತ ಉಳಿಯೋದು ಬೆಳಿಗ್ಗೆ 5.30ರಿಂದ 6.30, ಅಷ್ಟೇ. ಆ ಗಂಟೆಗೆ ಎರಡು ಹುಚ್ಚು ಜಗಳ ಆಡ್ತಾವೆ, ಒಂದು ಜಾಗಿಂಗು, ಇನ್ನೊಂದು ವೆಬ್ ಪೇಜ್ ಡಿಸೈನ್ ಕಲಿಯೋದು. ಎರಡನ್ನೂ ಅದೇ ಟೈಮಲ್ಲಿ ಬೇರೆಬೇರೆ ತಿಂಗಳು ಇಟ್ಕೊಂಡು ನೋಡಾಯ್ತು. ನಮ್ಮದು ಶಿವಮೊಗ್ಗ. ಊರಿನ ಹೆಸರು ಯಾಕೆ ಹೇಳ್ದೆ ಅಂದ್ರೆ ಇಲ್ಲಿ ಅರ್ಧ ತೀರ್ಪು ಕೊಡೋದು ಮಳೆ.

ಓಟಕ್ಕೆ ಖರ್ಚು ಒಂದು ಜೊತೆ ಶೂ, ಅದನ್ನ ಮಾತ್ರ ಅಗ್ಗದ್ದು ತಗೋಬೇಡಿ. ಶುರು ಮಾಡೋರು ಒಂದು ನಿಮಿಷ ಓಡಿ ಎರಡು ನಿಮಿಷ ನಡೆದ್ರೆ ಸಾಕು, ಪಕ್ಕದಲ್ಲಿರೋರ ಜೊತೆ ಮಾತಾಡ್ಕೊಂಡು ಓಡೋಕೆ ಆಗ್ತಿದ್ರೆ ಸ್ಪೀಡ್ ಸರಿ ಇದೆ ಅಂತ ಲೆಕ್ಕ, ಉಸಿರು ಸಿಗದೆ ಹೂಂ ಹೂಂ ಅಂತಿದ್ರೆ ಜಾಸ್ತಿ ಆಯ್ತು. ಜಾಗದ ವಿಷಯಕ್ಕೆ ಬಂದ್ರೆ ನೆಹರು ಸ್ಟೇಡಿಯಂ ಕಡೆ ಹೋದ್ರೆ ಜನ ಇರ್ತಾರೆ, ನೋಡೋರಿದಾರೆ ಅನ್ನೋ ನಾಚಿಕೆಗಾದ್ರೂ ಇನ್ನೊಂದು ಸುತ್ತು ಹೊಡೀತೀವಿ. ಬಡಾವಣೆ ರೋಡಲ್ಲಿ ಆ ಹೊತ್ತಲ್ಲಿ ನಾಯಿಗಳದ್ದೇ ರಾಜ್ಯ, ಮೇಲಿಂದ ಕಾಂಕ್ರೀಟು, ಮಂಡಿಗೆ ಏಟು. ನನ್ನ ಓಟು ಮಣ್ಣಿನ ಮೈದಾನಕ್ಕೆ. ಚಳಿಗಾಲದಲ್ಲಿ ತುಂಗಾ ಹೊಳೆ ಕಡೆಯಿಂದ ಮಂಜು ಎದ್ದು ಬರುವಾಗ ಓಡೋ ಮಜಾ ಬೇರೆ ಯಾವ ಊರಲ್ಲೂ ಸಿಗಲ್ಲ ಅಂತ ನಾನು ಪಕ್ಷಪಾತದಿಂದಲೇ ಹೇಳ್ತೀನಿ.

ತಮಾಷೆ ಏನು ಗೊತ್ತಾ, ಜನವರಿಲಿ ಇಲ್ಲಿ ಸೂರ್ಯ ಹುಟ್ಟೋದು 7ರ ಹತ್ರ, ಹಾಗಾಗಿ ಪೂರ್ತಿ ಕತ್ತಲಲ್ಲಿ ಶುರು ಮಾಡ್ಬೇಕು, ಜೂನಲ್ಲಿ 6ಕ್ಕೆಲ್ಲ ಬೆಳಕು, ಆದ್ರೆ ಆಗ ಮಳೆ ಹಿಡ್ಕೊಂಡಿರತ್ತೆ. ಮೈದಾನ ಕೆಸರು, ಸಿಮೆಂಟ್ ಹಾಸಿನ ಮೇಲೆ ಹಾವಸೆ ಕಟ್ಟಿ ಕಾಲಿಟ್ರೆ ಜಾರತ್ತೆ. ಒದ್ದೆ ಶೂ ಒಳಗೆ ನ್ಯೂಸ್ ಪೇಪರ್ ತುರುಕಿಟ್ಟು ಆಗಾಗ ಪೇಪರ್ ಬದಲಾಯಿಸಿದ್ರೆ ಒಣಗತ್ತೆ, ಬಚ್ಚಲೊಲೆ ಪಕ್ಕ ಇಟ್ರೆ ಸೋಲಿನ ಅಂಟೇ ಬಿಡೋ ಚಾನ್ಸ್ ಇದೆ. ಆಗುಂಬೆ ತೀರ್ಥಹಳ್ಳಿ ಕಡೆಯವ್ರಿಗೆ ಉಂಬಳದ (ರಕ್ತ ಹೀರೋ ಜಿಗಣೆ) ಕಾಟ ಬೇರೆ, ಅವ್ರ ಹತ್ರ ಮಳೆಗಾಲದ ಜಾಗಿಂಗ್ ಮಾತೆತ್ತಲೇಬೇಡಿ.

ಈಗ ವೆಬ್ ಪೇಜು. ಇದರೊಳಗೇ ಇನ್ನೊಂದು ಪೈಪೋಟಿ ಇದೆ, ಎಳೆದು ಬಿಟ್ಟು ಮಾಡೋ ಆನ್‌ಲೈನ್ ಬಿಲ್ಡರ್ರಾ, ಕೈಯಾರೆ ಎಚ್‌ಟಿಎಂಎಲ್ (ಪೇಜಿನಲ್ಲಿ ಏನೇನಿದೆ ಅಂತ ಹೇಳೋ ಕೋಡು), ಸಿಎಸ್‌ಎಸ್ (ಅದು ಹೇಗೆ ಕಾಣ್ಬೇಕು ಅಂತ ಹೇಳೋ ಕೋಡು) ಬರೆಯೋದಾ ಅಂತ. ಬಿಲ್ಡರಲ್ಲಿ ಒಂದೇ ಬೆಳಿಗ್ಗೆಗೆ ಚಂದದ ಪೇಜು ಎದ್ದು ನಿಲ್ಲತ್ತೆ, ಆದ್ರೆ ಒಳಗೆ ಏನಾಯ್ತು ಅಂತ ಗೊತ್ತಾಗಲ್ಲ, ಮತ್ತೆ ನೆಟ್ ಬೇಕೇ ಬೇಕು. ಮಲೆನಾಡಲ್ಲಿ ಜೋರು ಗಾಳಿಗೆ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಕರೆಂಟ್ ಹೋಯ್ತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯ್ತು. ಕೈಯಾರೆ ಬರೆಯೋರಿಗೆ ಆ ತಾಪತ್ರಯ ಇಲ್ಲ, ನೋಟ್‌ಪ್ಯಾಡಲ್ಲಿ ಬರ್ದು ಸೇವ್ ಮಾಡಿ ಬ್ರೌಸರಲ್ಲಿ ಫೈಲ್ ತೆಗೆದ್ರೆ ಆಯ್ತು, ಬ್ಯಾಟರಿ ಇರೋ ತನಕ ಕೆಲಸ ನಡೀತಾ ಇರತ್ತೆ. 1991ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಮೊದಲನೇ ವೆಬ್‌ಸೈಟು ಬರೀ ಅಕ್ಷರ ಮತ್ತು ಲಿಂಕು, ಸಿಎಸ್‌ಎಸ್ ಬಂದಿದ್ದೇ 1996ರಲ್ಲಿ, ಅಂಥದ್ದೊಂದು ಪೇಜು ಮಾಡೋಕೆ ಬೆರಳೆಣಿಕೆಯ ಟ್ಯಾಗು (ಎಚ್‌ಟಿಎಂಎಲ್ ಗುರುತು) ಸಾಕು.

ಕನ್ನಡದಲ್ಲಿ ಪೇಜ್ ಮಾಡೋರಿಗಂತೂ ಕೋಡನ್ನ ಕೈಯಾರೆ ಬರೆಯೋದೇ ಸರಿ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟಲ್ಲಿ ಸಾಲಿನ ಅಂತರ ಬಿಗಿ ಇರತ್ತೆ, ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗತ್ತೆ. ಲೈನ್-ಹೈಟ್ (ಸಾಲಿನ ಎತ್ತರ) 1.6 ಇಲ್ಲಾ 1.7 ಕೊಟ್ಟು, ಕನ್ನಡ ಅಕ್ಷರ ಸರಿಯಾಗಿ ಕಾಣೋಕೆ ಯುಟಿಎಫ್-8 ಅಂತ ಫೈಲಿನ ತಲೆಯಲ್ಲೇ ಹಾಕಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಸೇರಿಸಿದ್ರೆ ಓದೋಕೆ ಆರಾಮು. (ವಿಂಡೋಸಲ್ಲಿ ಹಳೇ ಕಾಲದಿಂದ ಬರ್ತಿರೋ ಕನ್ನಡ ಫಾಂಟಿನ ಹೆಸರು ತುಂಗಾ, ನಮ್ಮೂರೋರು ಸುಮ್ನೆ ಬೀಗಬಹುದು.) ಪೇಜನ್ನ ಜನಕ್ಕೆ ತೋರಿಸ್ಬೇಕು ಅಂದ್ರೆ ಅದನ್ನ ನೆಟ್ಟಲ್ಲಿ ಇಡೋಕೆ ಜಾಗ ಕೊಡೋ ಗಿಟ್‌ಹಬ್ ಪೇಜಸ್ ಫ್ರೀ.

ಎದುರುಬದುರು ಇಟ್ಟು ನೋಡಿದ್ರೆ ದೊಡ್ಡ ವ್ಯತ್ಯಾಸ ಒಂದೇ, ಓಟ ತಾನೇ ಮುಗಿಯತ್ತೆ, ಕೋಡು ಮುಗಿಯಲ್ಲ. ಕಾಲು ಸಾಕು ಅಂದ್ರೆ ಮನೆಗೆ ಬರ್ತೀವಿ. ಒಂದು ಡಿವ್ (ಪೇಜಿನ ಒಂದು ಚೌಕ) ನಡುವಿಗೆ ಬರ್ತಿಲ್ಲ ಅಂದ್ರೆ ಮಾತ್ರ ಅದನ್ನ ಬಿಟ್ಟು ಏಳೋಕೆ ಮನಸ್ಸೇ ಬರಲ್ಲ, ಆಚೆ ಅಮ್ಮ ತಿಂಡಿ ಆರ್ತಿದೆ ಬಾರೋ ಅಂತ ಕೂಗ್ತಿದ್ರೂ ಕಿವಿಗೆ ಹಾಕ್ಕೊಳಲ್ಲ. ಗ್ಯಾಪ್ ಆದಾಗ ಹೊಡೆತ ಬೀಳೋದೂ ಕೋಡಿಗೇ ಜಾಸ್ತಿ, ಒಂದು ವಾರ ಓಡದಿದ್ರೆ ಕಾಲು ಬೇಗ ಸರಿ ಹೋಗತ್ತೆ, ಒಂದು ವಾರ ಕೋಡ್ ಮುಟ್ಟದಿದ್ರೆ ಫ್ಲೆಕ್ಸ್‌ಬಾಕ್ಸ್ (ಚೌಕಗಳನ್ನ ಸಾಲಾಗಿ ಜೋಡಿಸೋ ಸಿಎಸ್‌ಎಸ್ ವಿಧಾನ) ಮತ್ತೆ ಮೊದಲಿಂದ ಓದ್ಬೇಕು. ಅರ್ಧ ಗಂಟೆ ಅದು, ಅರ್ಧ ಗಂಟೆ ಇದು ಅಂತ ಹಂಚೋದೂ ನೋಡಾಯ್ತು, ಬೆವರು ಒರೆಸಿ ಲ್ಯಾಪ್‌ಟಾಪ್ ತೆಗೆಯೋ ಹೊತ್ತಿಗೆ ಟೈಮೇ ಖಾಲಿ.

ಹಾಗಾಗಿ ನಂದು ಹೀಗೆ: ಜೂನಿಂದ ಸೆಪ್ಟೆಂಬರ್ ತನಕ ಬೆಳಿಗ್ಗೆ ಎಚ್‌ಟಿಎಂಎಲ್, ದಸರಾ ದಾಟಿದ್ಮೇಲೆ ಮೈದಾನ. ವರ್ಷಪೂರ್ತಿ ಒಂದೇ ಇಟ್ಕೊಳ್ಳೋದಾದ್ರೆ ಬೆಳಿಗ್ಗೆಯನ್ನ ಓಟಕ್ಕೇ ಕೊಡಿ, ಯಾಕಂದ್ರೆ ಕೋಡು ರಾತ್ರಿ ಊಟ ಆದ್ಮೇಲೂ ಬರೀಬಹುದು, ಹೊಟ್ಟೆ ತುಂಬಾ ಉಂಡು ಓಡೋಕೆ ಆಗಲ್ಲ ಮಾರಾಯ್ರೆ.